ಕುದುರೆ ಕೊಟ್ಟ ಹುಡುಗಿಗೆ ಬೈದಿರಾ?

ತಿಪಟೂರಿನ ಓದುಗರೊಬ್ಬರ ಪತ್ರ: "ತುಮಕೂರಿನಲ್ಲಿ ನಡೆದ ಮಕ್ಕಳ ಚೆಸ್ ಪಂದ್ಯದಲ್ಲಿ ನನ್ನ ಮಗಳು ಉಳಿದಿದ್ದ ಒಂದೇ ಕುದುರೆಯನ್ನೂ ಒಂದು ಕಾಲಾಳಿಗಾಗಿ ಕೊಟ್ಟುಬಿಟ್ಟಳು. ಆಟ ಡ್ರಾ ಆಯಿತು, ನಿಜ. ಅದು ಬರೀ ಅದೃಷ್ಟ ಅಂತ ಬೈದೆ. ಸೋಲುವ ಹೊತ್ತಿನಲ್ಲಿ ಇರುವುದನ್ನೂ ಕಳೆದುಕೊಳ್ಳುವುದು ಜಾಣತನವೇ?"

ಬೈದಿರಾ? ಛೆ. ಕೊಬ್ಬರಿ ವ್ಯಾಪಾರದ ಊರಿನವರು ನೀವು. ಯಾವಾಗ ಮಾಲು ಬಿಡಬೇಕು ಅಂತ ನಾನು ನಿಮಗೆ ಹೇಳಬೇಕಾ?

ಪತ್ರದ ಹಿಂದೆ ನೀವು ಪೆನ್ಸಿಲ್‌ನಲ್ಲಿ ಬರೆದು ಕಳಿಸಿದ ಚಿತ್ರ ನೋಡಿ, ರಾತ್ರಿ ಊಟವಾದ ಮೇಲೆ ಕಾಯಿ ಜೋಡಿಸಿಕೊಂಡು ಕೂತೆ. ಎದುರಾಳಿ ಹುಡುಗನಿಗೆ ಬಿಳಿ ಮನೆಗಳಲ್ಲೇ ಓಡಾಡುವ ಒಂಟೆ, ಜಿ5 ಮತ್ತು ಎಚ್5ರಲ್ಲಿ (ಅಕ್ಷರ ಅಂದರೆ ಉದ್ದ ಸಾಲು, ಅಂಕಿ ಅಂದರೆ ಅಡ್ಡ ಸಾಲು) ಅಕ್ಕಪಕ್ಕ ಎರಡು ಕಾಲಾಳು. ನಿಮ್ಮ ಮಗಳಿಗೆ ರಾಜ, ಕುದುರೆ, ಅಷ್ಟೇ. ಸುಮ್ನೆ ಕಾಯುತ್ತಾ ಕೂತಿದ್ದರೆ ಹೆಚ್ಚುಕಮ್ಮಿ ಸೋಲೇ. ಅವಳು ಕುದುರೆಯಿಂದ ಜಿ5ರ ಕಾಲಾಳನ್ನು ಹೊಡೆದಳು. ಅವನ ರಾಜ ಕುದುರೆಯನ್ನು ತಿಂದ. ಉಳಿದದ್ದು ಅಂಚಿನ ಕಾಲಾಳು ಮತ್ತು ಆ ಒಂಟೆ. ಕಾಲಾಳು ಮಂತ್ರಿಯಾಗಬೇಕಾದ ಎಚ್8 ಕಪ್ಪು ಮನೆ. ಒಂಟೆ ಆ ಮನೆಯನ್ನು ಮುಟ್ಟುವ ಹಾಗೇ ಇಲ್ಲ. ಮಗಳ ರಾಜ ಹೋಗಿ ಮೂಲೆಯಲ್ಲಿ ಕೂತ. ಇನ್ನು ಅವನನ್ನು ಎಬ್ಬಿಸುವವರು ಯಾರು? ಜಾಸ್ತಿ ಒತ್ತಿದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲ, ನಡೆಯಲು ಮನೆಯೂ ಇಲ್ಲ, ಆಟ ಡ್ರಾ.

ಅವನ ಎಚ್ ಕಾಲಾಳು ಒಂದೇ ಒಂದು ಮನೆ ಹಿಂದೆ, ಎಚ್4ರಲ್ಲಿ ಇದ್ದಿದ್ದರೆ? ಆ ಕಾಲಾಳೇ ಓರೆಯಾಗಿ ಕುದುರೆಯನ್ನು ಹೊಡೆದು ಜಿ ಸಾಲಿಗೆ ಬರುತ್ತಿತ್ತು. ಜಿ8 ಬಿಳಿ ಮನೆ. ಕಥೆ ಮುಗಿಯುತ್ತಿತ್ತು. ಹುಡುಗಿ ಇಷ್ಟನ್ನೂ ಎಣಿಸಿದ್ದಾಳೆ. ಇದಕ್ಕೆ ಅದೃಷ್ಟ ಅನ್ನುತ್ತಾರೇನ್ರೀ?

ನಿಮ್ಮ ಮಾತಿನಲ್ಲೂ ಹುರುಳಿದೆ, ಇಲ್ಲ ಅನ್ನಲ್ಲ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ, ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಸ್ಪಾಸ್ಕಿ ಎದುರು ಆಡಿದ ಮೊದಲ ಆಟದಲ್ಲೇ ಫಿಶರ್, ಡ್ರಾ ಆಗಬೇಕಿದ್ದ ಕಡೆ ಒಂಟೆ ನುಗ್ಗಿಸಿ ಎಚ್2 ಕಾಲಾಳು ತಿಂದರು. ಒಂಟೆ ಸಿಕ್ಕಿಬಿತ್ತು, ಆಟ ಹೋಯಿತು. ಸರಿ, ಒಪ್ಪಿದೆ.

ಆದರೆ ನನ್ನ ಹಾಸ್ಟೆಲ್ ದಿನಗಳದ್ದು ಕೇಳಿ. ಎದುರಿಗಿದ್ದವನಿಗೆ ಎರಡು ಕುದುರೆ, ಒಂದು ಕಾಲಾಳು. ನನಗೆ ಒಂದು ಒಂಟೆ. ಒಂಟೆ ಕೊಟ್ಟು ಕಾಲಾಳು ತೆಗೆದೆ. ಬರೀ ಎರಡು ಕುದುರೆಯಿಂದ ಒಂಟಿ ರಾಜನಿಗೆ ಬಲವಂತದ ಚೆಕ್‌ಮೇಟ್ ಸಾಧ್ಯವಿಲ್ಲ ಅಂದೆ. ಅವನು ನಂಬಲಿಲ್ಲ. ಊಟದ ಗಂಟೆ ಹೊಡೆದರೂ ಕುದುರೆ ಓಡಿಸುತ್ತಲೇ ಇದ್ದ. ಮುದ್ದೆ ತಣ್ಣಗಾಯಿತು, ಚೆಕ್‌ಮೇಟ್ ಆಗಲಿಲ್ಲ.

ಇಂಥದ್ದನ್ನು ಈಗ ಯಾರು ಕಲಿಸುತ್ತಾರೆ? 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ, ಎಲ್ಲಕ್ಕಿಂತ ಮೊದಲು ಕೊನೆಯಾಟ ಕಲಿಯಿರಿ ಅನ್ನುತ್ತಿದ್ದರು. ನಮ್ಮಲ್ಲಿ ಉಲ್ಟಾ. ಮೊದಲ ಹತ್ತು ನಡೆ ಬಾಯಿಪಾಠ, ಆಮೇಲೆ ದೇವರೇ ಗತಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಪಟ್ಟ ಗೆದ್ದಾಗ ನಾವೆಲ್ಲ ಕುಣಿದೆವು ಅಲ್ವಾ? ಎದುರಾಳಿ ಡಿಂಗ್ ಲಿರೆನ್ ಆನೆಗೆ ಆನೆ ಬದಲಿಸಲು ಹೋಗಿ, ಅದರ ಹಿಂದೆಯೇ ಒಂಟೆಗಳೂ ಹೋಗುವುದನ್ನು ಗಮನಿಸಲಿಲ್ಲ. ಬರೀ ಕಾಲಾಳುಗಳ ಆಟ ಉಳಿಯಿತು, ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ. ಆ ನಾಲ್ಕು ನಡೆಯನ್ನು ಮಣೆಯ ಮೇಲೆ ಇಟ್ಟು ನೋಡಿದವರು ಎಷ್ಟು ಜನ?

ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತದವರು ನುಂಗುತ್ತಾರೆ. ಪಂದ್ಯದ ದಿನ ಅಪ್ಪಂದಿರು ಬಾಗಿಲಲ್ಲೇ ನಿಂತು "ಗೆದ್ಯಾ?" ಅನ್ನುತ್ತಾರೆ. ಡ್ರಾ ಅಂದರೆ ಮುಖ ಸಣ್ಣದು. ಸೋತ ಆಟದಿಂದ ಅರ್ಧ ಅಂಕ ಎತ್ತಿಕೊಂಡು ಬಂದ ಮಗು ಕಾರಿನಲ್ಲಿ ಅಳುತ್ತಾ ಕೂರುತ್ತದೆ. ನಾವು ಪತ್ರಿಕೆಯವರೇನು ಕಡಿಮೆಯಾ? ಕಪ್ ಹಿಡಿದವರ ಫೋಟೋ ಬಿಟ್ಟು ಬೇರೆ ಹಾಕಿದ್ದೇ ಇಲ್ಲ.

ಮಗಳ ಸ್ಕೋರ್ ಶೀಟ್ ಇದ್ದರೆ ಜೆರಾಕ್ಸ್ ಮಾಡಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪದಬಂಧದ ಜಾಗದಲ್ಲಿ ಹಾಕುತ್ತೇನೆ. ಪದಬಂಧದವರು ಜಗಳಕ್ಕೆ ಬಂದರೆ ನಾನು ನೋಡಿಕೊಳ್ಳುತ್ತೇನೆ.

— ಸಂ.