ಟ್ಯಾಬ್ ಬಂದ ಮೇಲೆ ಮಾತು ನಿಂತ ತರಗತಿ

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ತರಗತಿಗೆ ಟ್ಯಾಬ್‌ಗಳು ಬಂದ ಮೇಲೆ ಮಕ್ಕಳು ಪಕ್ಕದವರ ಮುಖವನ್ನೂ ನೋಡುತ್ತಿಲ್ಲ. ಪರಸ್ಪರ ಮಾತನಾಡುವ, ಕೇಳಿಸಿಕೊಳ್ಳುವ, ಹೊಂದಿಕೊಂಡು ಕೆಲಸ ಮಾಡುವ ಗುಣಗಳನ್ನು ಇದೇ ಸಾಧನಗಳಿಂದ ಬೆಳೆಸಲು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಮೊದಲು ಅರ್ಧದಷ್ಟು ಟ್ಯಾಬ್‌ಗಳನ್ನು ಕಪಾಟಿನೊಳಗಿಡಿ. ತಲೆಗೊಂದು ಸಾಧನವಿದ್ದಾಗ ಮಗುವಿಗೆ ಪಕ್ಕದವರ ಹಂಗೇ ಇರುವುದಿಲ್ಲ. ಇಬ್ಬರಿಗೆ ಒಂದನ್ನು ಕೊಟ್ಟು, ಪರದೆ ಮುಟ್ಟುವವರು ಒಬ್ಬರು, ಏನು ಮಾಡಬೇಕೆಂದು ಬಾಯಲ್ಲಿ ಹೇಳುವವರು ಇನ್ನೊಬ್ಬರು ಎಂದು ಗೊತ್ತುಮಾಡಿ, ಹತ್ತು ನಿಮಿಷಕ್ಕೊಮ್ಮೆ ಅದಲುಬದಲು ಮಾಡಿಸಿ. ‘ಅದನ್ನು ಒತ್ತು’ ಎಂದರೆ ಜೊತೆಗಾರನಿಗೆ ಅರ್ಥವಾಗುವುದಿಲ್ಲ. ಯಾವುದನ್ನು, ಏಕೆ ಎಂದು ಬಿಡಿಸಿ ಹೇಳಲೇಬೇಕಾಗುತ್ತದೆ. ತಂತ್ರಾಂಶ ಬರೆಯುವವರು ಜೋಡಿಯಾಗಿ ಕುಳಿತು ಕೆಲಸ ಮಾಡುವ ಕ್ರಮವೂ ಹೆಚ್ಚುಕಡಿಮೆ ಇದೇ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಸಹಪಾಠಿ ಬೋಧನೆಯ ಕ್ರಮ ನಿಮಗೆ ಇನ್ನೂ ಹೆಚ್ಚು ಒದಗೀತು. ನಿರ್ವಾತದಲ್ಲಿ ಭಾರವಾದ ಗುಂಡನ್ನೂ ಹಗುರವಾದ ಗುಂಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ ಎಂದು ಕೇಳಿದಿರೆನ್ನಿ. ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರವನ್ನು ಒತ್ತುತ್ತಾರೆ. ಬಳಿಕ ಪಕ್ಕದವರಿಗೆ ತಮ್ಮ ಕಾರಣವನ್ನು ವಿವರಿಸಿ, ಅವರ ಕಾರಣವನ್ನು ಕೇಳಿ, ಮತ್ತೊಮ್ಮೆ ಉತ್ತರಿಸುತ್ತಾರೆ. ಮೊದಲ ಸುತ್ತಿನಲ್ಲಿ ಸುಮಾರು ಶೇಕಡಾ 30ರಿಂದ 70ರಷ್ಟು ಮಂದಿ ಸರಿಯಾಗಿ ಉತ್ತರಿಸಿದ್ದರೆ ಚರ್ಚೆಗೆ ಕಳೆ ಕಟ್ಟುತ್ತದೆ. ಆ ಸುತ್ತಿನ ಫಲಿತಾಂಶವನ್ನು ಮಾತ್ರ ಗೋಡೆಯ ಮೇಲೆ ಮೂಡಿಸಬೇಡಿ. ಹೆಚ್ಚು ಮಂದಿ ಒತ್ತಿದ ಉತ್ತರ ಯಾವುದೆಂದು ಕಂಡರೆ ಮಕ್ಕಳು ವಾದ ಬಿಟ್ಟು ಬಹುಮತದ ಕಡೆಗೆ ಜಾರುತ್ತಾರೆ (ಹಿರಿಯರೂ ಹಾಗೆಯೇ, ಬಿಡಿ).

ಗುಂಪಿನಲ್ಲಿ ಬರೆಯಿಸುವಾಗ ಎಲ್ಲರೂ ಏಕಕಾಲಕ್ಕೆ ತಿದ್ದಬಹುದಾದ ಒಂದೇ ಕಡತವನ್ನು ಕೊಡಿ. ಇನ್ನೊಬ್ಬರ ವಾಕ್ಯವನ್ನು ಅಳಿಸುವ ಮೊದಲು ಅಂಚಿನಲ್ಲಿ ಕಾರಣ ಬರೆಯಬೇಕು, ಬರೆದವರು ಒಪ್ಪಬೇಕು ಎಂಬ ನಿಯಮವಿರಲಿ. ತಿದ್ದುಪಡಿಯ ಇತಿಹಾಸವನ್ನು ತೆರೆದರೆ ಯಾರ ಸಾಲು ಉಳಿದಿದೆ, ಯಾರದ್ದು ಸದ್ದಿಲ್ಲದೆ ಮಾಯವಾಗಿದೆ ಎಂಬುದು ತಿಳಿಯುತ್ತದೆ. ಅದನ್ನು ಅಂಕ ಕಳೆಯಲು ಬಳಸದೆ, ಆ ಗುಂಪನ್ನು ಕೂರಿಸಿಕೊಂಡು ‘ಈ ಸಾಲು ಏಕೆ ಹೋಯಿತು?’ ಎಂದು ಕೇಳಿ, ಉತ್ತರ ಬರುವವರೆಗೆ ನೀವು ಸುಮ್ಮನಿರಿ.