ಮೂರು ವಾರದಲ್ಲಿ ಶಾಲೆಯ ಶೌಚಾಲಯ ಮುಗಿಯುತ್ತದೆಯೇ?

ಓದುಗರ ಪತ್ರ (ಸಂಕ್ಷಿಪ್ತ): "ನನ್ನ ಮಗ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ತಾಂಜಾನಿಯಾದ ದೊಡೊಮಾ ಪ್ರಾಂತ್ಯದ ಹಳ್ಳಿಯೊಂದರ ಪ್ರಾಥಮಿಕ ಶಾಲೆಗೆ ಆರು ಕೋಣೆಯ ಶೌಚಾಲಯ ಕಟ್ಟುವ ಶಿಬಿರಕ್ಕೆ ಹೆಸರು ಕೊಟ್ಟಿದ್ದಾನೆ. ಜುಲೈನಲ್ಲಿ 21 ದಿನ, ಹದಿನೈದು ಜನರ ತಂಡ. ಶಾಲೆಯಲ್ಲಿ 200 ಹುಡುಗಿಯರು, 220 ಹುಡುಗರು. ವಿಮಾನದ ಖರ್ಚು ಬಿಟ್ಟು ತಲೆಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಇದು ಸೇವೆಯೋ, ಪ್ರವಾಸವೋ? ಆ ದುಡ್ಡನ್ನೇ ಕಳಿಸಿಬಿಟ್ಟರೆ ಆಗದೇ?" — ಓದುಗರೊಬ್ಬರು, ಗದಗ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ, ಸೇವೆಯೋ ಪ್ರವಾಸವೋ ಎಂಬುದನ್ನು ಸಂಸ್ಥೆಯ ಫೋಟೋಗಳು ಹೇಳುವುದಿಲ್ಲ, ಕೆಲಸದ ವೇಳಾಪಟ್ಟಿ ಹೇಳುತ್ತದೆ. ಅದನ್ನು ತರಿಸಿಕೊಳ್ಳಿ. 21 ದಿನದಲ್ಲಿ ಗುಂಡಿ ತೋಡುವುದರಿಂದ ಹಿಡಿದು ಬಾಗಿಲು ಹಾಕುವವರೆಗೆ ಎಲ್ಲವೂ ಮುಗಿಯುತ್ತದೆ ಎಂದು ಬರೆದಿದ್ದರೆ ಅದನ್ನು ಬರೆದವರಿಗೆ ಸಿಮೆಂಟಿನ ಪರಿಚಯ ಕಡಿಮೆ ಎಂದೇ ಅರ್ಥ.

ಯಾಕೆಂದರೆ ಲೆಕ್ಕ ಹೀಗಿದೆ. ಪೂರ್ವ ಆಫ್ರಿಕಾದ ಹಲವು ಶಾಲೆಗಳಲ್ಲಿ ಬಳಸುವುದು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿ ಕೂರುವ ಮಣ್ಣಿನ ಬ್ಲಾಕುಗಳನ್ನು. ಸುಟ್ಟ ಇಟ್ಟಿಗೆಗೆ ಬೇಕಾಗುವ ಸೌದೆ ಉಳಿಯುತ್ತದೆ ಎಂಬುದೇ ಇದರ ದೊಡ್ಡ ಲಾಭ. (ಇದು ನಮಗೆ ಹೊಸದೇನಲ್ಲ. 1974ರಲ್ಲಿ ಶುರುವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಘಟಕ ಮಣ್ಣಿನ ಬ್ಲಾಕಿನ ಮೇಲೆ ಬಹಳ ಕೆಲಸ ಮಾಡಿದೆ. ನಿಮ್ಮ ಮಗ ಹೊರಡುವ ಮುಂಚೆ ಅದನ್ನು ಓದಿಕೊಳ್ಳಲಿ.) ಆರು ಕೋಣೆಗೆ ಸುಮಾರು 1,800 ಬ್ಲಾಕು ಬೇಕು. ಐದಾರು ಜನ ಒಂದು ಯಂತ್ರದಲ್ಲಿ ದಿನಕ್ಕೆ 300 ಒತ್ತಿದರೂ ಆರು ದಿನ ಹಿಡಿಯುತ್ತದೆ. ಒತ್ತಿದ ಬ್ಲಾಕನ್ನು ಕನಿಷ್ಠ ಏಳು ದಿನ ತೇವವಾಗಿಡಬೇಕು, ಪೂರ್ತಿ ಗಟ್ಟಿಯಾಗಲು 28 ದಿನ ಬೇಕು. ಅಷ್ಟರಲ್ಲಿ ತಂಡ ಊರು ಸೇರಿರುತ್ತದೆ. ಗುಂಡಿಯ ಮೇಲಿನ ಕಾಂಕ್ರೀಟ್ ಹಾಸನ್ನೂ ಏಳು ದಿನ ಒದ್ದೆ ಇಟ್ಟ ಮೇಲೆಯೇ ಎತ್ತಿ ಕೂರಿಸಬೇಕು. ಹಾಗಾಗಿ ಪ್ರಾಮಾಣಿಕ ಯೋಜನೆಯಲ್ಲಿ ಗುಂಡಿ, ಅದರ ಒಳಗೋಡೆ, ಬ್ಲಾಕು ಎಲ್ಲವೂ ಮೇ–ಜೂನ್‌ನಲ್ಲೇ ಸಿದ್ಧವಾಗಿರುತ್ತವೆ. ನಿಮ್ಮ ಮಗನ ತಂಡ ನಡುವೆ ಬಂದು ಕೈಜೋಡಿಸಿ ನಡುವೆಯೇ ಹೊರಡುತ್ತದೆ, ಉದ್ಘಾಟನೆಯ ಟೇಪು ಕತ್ತರಿಸುವುದು ಅವರ ಪಾಲಿಗೆ ಬರುವುದಿಲ್ಲ. ಅದನ್ನು ಮೊದಲೇ ಹೇಳುವ ಸಂಸ್ಥೆಯನ್ನು ನಾನು ನಂಬುತ್ತೇನೆ.

ಮಣ್ಣಿನ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ದೊಡೊಮಾ ಸುತ್ತಮುತ್ತ ತಗ್ಗು ಪ್ರದೇಶದಲ್ಲಿ ಎರೆಮಣ್ಣಿದೆ, ಅಲ್ಲಿಯವರು 'ಎಂಬುಗಾ' ಎನ್ನುತ್ತಾರೆ. ಎರೆಯಲ್ಲಿ ಕಟ್ಟಿದ ಗೋಡೆ ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಹೇಗೆ ಬಿರಿಯುತ್ತದೆಂದು ಗದಗಿನವರಿಗೆ ಬೇರೆ ಹೇಳಬೇಕೇ? ಅದರಲ್ಲಿ ಬ್ಲಾಕೂ ಆಗುವುದಿಲ್ಲ. ಬ್ಲಾಕಿಗೆ ಬೇರೆ ಜಾಗದಲ್ಲಿ ಮೇಲಿನ ಅರ್ಧ ಮೀಟರ್ ಮಣ್ಣು ತೆಗೆದು ಕೆಳಗಿನ ಕೆಂಪು ಮಣ್ಣನ್ನು ಜರಡಿ ಹಿಡಿಯಬೇಕು. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ಅಷ್ಟೇ ಆಳದ ಮರದ ಪೆಟ್ಟಿಗೆಗೆ ಹಸಿ ಮಣ್ಣು ತುಂಬಿ ಒಣಗಿಸಿ, ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ. 15 ಮಿ.ಮೀ. ಒಳಗಿದ್ದರೆ 18 ಪಾಲು ಮಣ್ಣಿಗೆ 1 ಪಾಲು ಸಿಮೆಂಟ್ ಸಾಕು. 15ರಿಂದ 30 ಆದರೆ 16ಕ್ಕೆ 1, 45 ದಾಟಿದರೆ 12ಕ್ಕೆ 1. 60 ದಾಟಿದರೆ ಮರಳು ಬೆರೆಸಬೇಕು, ಇಲ್ಲವೇ ಬೇರೆ ಮಣ್ಣು ಹುಡುಕಬೇಕು. 16ಕ್ಕೆ 1ರ ಲೆಕ್ಕದಲ್ಲಿ 50 ಕೆ.ಜಿ. ಚೀಲಕ್ಕೆ ಸುಮಾರು ನೂರು ಬ್ಲಾಕು ಬರುತ್ತವೆ, ಅಂದರೆ ಗೋಡೆಗೇ 18 ಚೀಲ.

ಹೊಸಬರು ಕೆಡಿಸುವುದು ಇಲ್ಲೇ. ಬೆಳಿಗ್ಗೆ ಹುರುಪಿನಲ್ಲಿ ದೊಡ್ಡ ರಾಶಿ ಕಲಸಿಟ್ಟು ಮಧ್ಯಾಹ್ನದವರೆಗೆ ಒತ್ತುತ್ತಾರೆ. ಅಷ್ಟು ಹೊತ್ತಿಗೆ ಸಿಮೆಂಟ್ ಕಚ್ಚುವ ಶಕ್ತಿ ಕಳೆದುಕೊಂಡಿರುತ್ತದೆ, ಬ್ಲಾಕು ನೋಡಲು ಚೆನ್ನಾಗಿದ್ದರೂ ಮೂಲೆ ಉದುರುತ್ತದೆ. ಒಂದು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಬೇಕು. ಹದ ನೋಡಲು ಒಂದು ಮುಷ್ಟಿ ಉಂಡೆ ಮಾಡಿ ಎದೆಯೆತ್ತರದಿಂದ ಬಿಡಿ. ನಾಲ್ಕಾರು ಚೂರಾದರೆ ಸರಿ, ಪುಡಿಯಾದರೆ ನೀರು ಕಡಿಮೆ, ಉಂಡೆಯಾಗಿಯೇ ಕೂತರೆ ನೀರು ಹೆಚ್ಚು. ಜುಲೈನ ಒಣಗಾಳಿಗೆ ಬ್ಲಾಕುಗಳನ್ನು ಹುಲ್ಲು ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚದೆ ಬಿಟ್ಟರೆ ಎರಡೇ ದಿನದಲ್ಲಿ ಒಣಗಿ ಮೆದುವಾಗಿ ಉಳಿಯುತ್ತವೆ. ಕಾಂಕ್ರೀಟಿಗೂ ಇದೇ ಗತಿ. ಸಲಿಕೆಯಲ್ಲಿ ತಿರುವಲು ಸುಲಭವೆಂದು ನೀರು ಸುರಿಯುತ್ತಲೇ ಇರುತ್ತಾರೆ. ಚೀಲಕ್ಕೆ 25 ಲೀಟರ್ ಆಸುಪಾಸಿನಲ್ಲಿ ನಿಲ್ಲಬೇಕು. ಒಂದು ಚೀಲ ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಹಾಕಿದರೆ 1.5 ಮೀ. ಉದ್ದ, 1.2 ಮೀ. ಅಗಲ, 8 ಸೆಂ.ಮೀ. ದಪ್ಪದ ಒಂದು ಹಾಸು ಆಗುತ್ತದೆ. ಒಳಗೆ 8 ಮಿ.ಮೀ. ಸರಳು, 15 ಸೆಂ.ಮೀ.ಗೊಂದು, ಎರಡೂ ದಿಕ್ಕಿಗೆ. ಸರಳು ಹಾಸಿನ ಕೆಳಭಾಗಕ್ಕೆ ಹತ್ತಿರವಿರಬೇಕು. ಕಾಂಕ್ರೀಟ್ ಸುರಿಯುವಾಗ ಅದನ್ನು ತುಳಿದು ತಳಕ್ಕೇ ಇಳಿಸಿಬಿಡುವುದು ಮಾಮೂಲು ತಪ್ಪು, ಆಮೇಲೆ ತುಕ್ಕು ಹಿಡಿಯುತ್ತದೆ.

ಗುಂಡಿಯೊಳಗೆ ನಿಮ್ಮ ಮಗ ಇಳಿಯಬಾರದು. ಮೂರು ಮೀಟರ್ ಆಳದ, ಒಳಗೋಡೆಯಿಲ್ಲದ ಗುಂಡಿ ಕುಸಿದರೆ ಮೇಲೆತ್ತಲು ಸಮಯ ಸಿಗುವುದಿಲ್ಲ. ಅದು ಅನುಭವವಿರುವವರ ಕೆಲಸ. ತೋಡಿದ ಮಣ್ಣನ್ನು ಅಂಚಿನಿಂದ ಒಂದು ಮೀಟರ್ ಆಚೆ ಹಾಕಬೇಕು, ಬಾವಿ ಅಥವಾ ಬೋರ್‌ವೆಲ್ 30 ಮೀಟರ್ ದೂರವಿರಬೇಕು.

ಇನ್ನು ನೀರಿಲ್ಲದ ಊರಿಗೆ ಹೊಂದುವ, ಗಾಳಿಕೊಳವೆಯಿರುವ ಗುಂಡಿ ಶೌಚಾಲಯದ (ವಿಐಪಿ) ಬಗ್ಗೆ. ಇದನ್ನು ರೂಪಿಸಿದ್ದು 1970ರ ದಶಕದಲ್ಲಿ ಜಿಂಬಾಬ್ವೆಯ ಬ್ಲೇರ್ ಸಂಶೋಧನಾಲಯದಲ್ಲಿ ಪೀಟರ್ ಮಾರ್ಗನ್. ಉಪಾಯ ಸರಳ: ಗುಂಡಿಯಿಂದ 150 ಮಿ.ಮೀ. ಪೈಪು ಚಾವಣಿಯ ಎತ್ತರದ ಅಂಚಿಗಿಂತ ಅರ್ಧ ಮೀಟರ್ ಮೇಲೆ ಹೋಗುತ್ತದೆ. ಮೇಲೆ ಗಾಳಿ ಬೀಸಿದಾಗ ನಾತ ಪೈಪಿನಲ್ಲಿ ಎಳೆದುಹೋಗುತ್ತದೆ. ಗುಂಡಿಯ ನೊಣಗಳು ಬೆಳಕು ಹುಡುಕಿ ಪೈಪು ಹತ್ತಿ ತುದಿಯ ಜಾಲರಿಗೆ ಸಿಕ್ಕಿ ಸಾಯುತ್ತವೆ. ಇದು ನಡೆಯಬೇಕಾದರೆ ಕೋಣೆ ಅರೆಗತ್ತಲಾಗಿರಬೇಕು, ಗಾಳಿ ಒಳಬರುವ ಕಿಂಡಿ ಒಂದೇ ಇರಬೇಕು, ಅದೂ ಗಾಳಿ ಬೀಸುವ ದಿಕ್ಕಿಗೆ. ಶಿಬಿರದವರು 'ಬೆಳಕು ಬರಲಿ' ಎಂದು ಹಿಂದಿನ ಗೋಡೆಯಲ್ಲೂ ಕಿಟಕಿ ಇಡುತ್ತಾರೆ ಅಥವಾ ಪಾರದರ್ಶಕ ಶೀಟು ಹೊದಿಸುತ್ತಾರೆ. ಅಲ್ಲಿಗೆ ನೊಣವೆಲ್ಲ ಕೋಣೆಗೇ. ಹಣ ಉಳಿಸಲು 110 ಮಿ.ಮೀ. ಪೈಪು ಹಾಕುವುದು, ಜಾಲರಿಗೆ ಬದಲು ಅಗ್ಗದ ಸೊಳ್ಳೆಪರದೆ ಕಟ್ಟುವುದು ಮತ್ತೆರಡು ಪಾಪಗಳು. ಪರದೆ ಬಿಸಿಲಿಗೆ ಬೇಗ ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯೇ ಬೇಕು.

ಆರು ಕೋಣೆ ಸಾಕೇ? ತಾಂಜಾನಿಯಾದ ಶಾಲಾ ನೈರ್ಮಲ್ಯ ಮಾರ್ಗಸೂಚಿ ಪ್ರಕಾರ 20 ಹುಡುಗಿಯರಿಗೊಂದು, 25 ಹುಡುಗರಿಗೊಂದು. ನೀವು ಕೊಟ್ಟ ಸಂಖ್ಯೆಗೆ ಹತ್ತೂ ಒಂಬತ್ತೂ ಸೇರಿ ಹತ್ತೊಂಬತ್ತು. ಈಗ ಎಷ್ಟು ಬಳಕೆಯಲ್ಲಿವೆ, ಈ ಆರು ಯಾರಿಗೆ, ದೊಡ್ಡ ಹುಡುಗಿಯರಿಗೆ ಮುಟ್ಟಿನ ದಿನಗಳಲ್ಲಿ ತೊಳೆದುಕೊಳ್ಳಲು ಒಳಚಿಲಕವಿರುವ ಪ್ರತ್ಯೇಕ ಕೋಣೆ ನಕ್ಷೆಯಲ್ಲಿದೆಯೇ, ಗಾಲಿಕುರ್ಚಿಗೆ ಇಳಿಜಾರು ಇದೆಯೇ ಎಂದು ಕೇಳಿ.

ನೀರಿನದು ಇನ್ನೂ ಕಠಿಣ. ದೊಡೊಮಾದಲ್ಲಿ ವರ್ಷಕ್ಕೆ 550ರಿಂದ 600 ಮಿ.ಮೀ. ಮಳೆ, ಅದೂ ಹೆಚ್ಚುಕಡಿಮೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಶಿಬಿರಗಳು ಹೆಮ್ಮೆಯಿಂದ ಕೂರಿಸುವ 10,000 ಲೀಟರ್ ಮಳೆನೀರ ಟ್ಯಾಂಕು 420 ಮಕ್ಕಳಿಗೆ ಕೈತೊಳೆಯಲು ದಿನಕ್ಕೆ ತಲಾ ಒಂದು ಲೀಟರ್ ಕೊಟ್ಟರೆ 24 ಶಾಲಾ ದಿನಕ್ಕೆ ಬರಿದು. ಮುಂದಿನ ಆರು ತಿಂಗಳು ಸೋಪು ಒಣಗಿ ಕೂತಿರುತ್ತದೆ. 160 ಚದರ ಮೀಟರ್ ತಗಡಿನ ಚಾವಣಿಯಿಂದ ವರ್ಷಕ್ಕೆ 70,000 ಲೀಟರ್ ಬರಬಹುದು, ಹಿಡಿದಿಡಲು ಜಾಗವಿಲ್ಲ ಅಷ್ಟೇ. ತಂಡದ ಹದಿನೈದು ಜನಕ್ಕೆ ಮತ್ತು ಬ್ಲಾಕು, ಹಾಸು ಒದ್ದೆ ಇಡಲು ಬೇಕಾದ ನೀರು ಎಲ್ಲಿಂದ? ಊರಿನ ಹೆಂಗಸರು 20 ಲೀಟರ್ ಕ್ಯಾನು ತಲೆಯ ಮೇಲೆ ಹೊತ್ತು ತರುವುದಾದರೆ ಸೇವೆ ಯಾರು ಯಾರಿಗೆ ಮಾಡಿದ ಹಾಗಾಯಿತು? ಟ್ಯಾಂಕರಿನ ಖರ್ಚು ಬಜೆಟ್ಟಿನಲ್ಲಿರಬೇಕು.

ದುಡ್ಡನ್ನೇ ಕಳಿಸುವ ಮಾತಿಗೆ ಬರೋಣ. ತಾಂಜಾನಿಯಾದ ಹಳ್ಳಿಗಳು ಯಾರಿಗೋ ಕಾದು ಕೂತಿಲ್ಲ. ಜನರೇ ಕಲ್ಲು, ಮರಳು ಹೊತ್ತು ಲಿಂಟಲ್‌ವರೆಗೆ ಗೋಡೆ ಎಬ್ಬಿಸುತ್ತಾರೆ, ತಗಡು, ಬಾಗಿಲನ್ನು ಜಿಲ್ಲಾ ಕೌನ್ಸಿಲ್ ಕೊಡಬೇಕು. ಹೀಗೆ ಚಾವಣಿಗಾಗಿ ಕಾಯುತ್ತಿರುವ ಗೋಡೆಗಳಿಗೆ 'ಬೋಮಾ' ಎನ್ನುತ್ತಾರೆ. 2016ರಿಂದ ಶುಲ್ಕ ಹೋಗಿ ಮಕ್ಕಳು ಹೆಚ್ಚಿದ ಮೇಲೆ ಇವು ಇನ್ನೂ ಹೆಚ್ಚಿದವು. ಆದ್ದರಿಂದ ಅರ್ಧ ನಿಂತಿದ್ದನ್ನು ಮುಗಿಸುವ ಯೋಜನೆ ಹೊಸದಾಗಿ ಶುರು ಮಾಡುವುದಕ್ಕಿಂತ ಎಷ್ಟೋ ಮೇಲು. ಕೌನ್ಸಿಲ್‌ನ ಎಂಜಿನಿಯರ್ ಮತ್ತು ಶಾಲಾ ಸಮಿತಿ ಒಪ್ಪಿದ ನಕ್ಷೆ ಇದ್ದರೆ ನಿಮ್ಮ ಹಣ ಸೀದಾ ಹೋದರೂ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಹಣ ಹೋದರೂ, ಮಗ ಹೋದರೂ ಆ ಕಟ್ಟಡಕ್ಕೆ ವಾರಸುದಾರರಿರುವುದಿಲ್ಲ. ಸಂಸ್ಥೆ ಎಂದೆಂದಿಗೂ ಇರುತ್ತದೆಂದು ಅದರ ಮೇಲೆ ಭಾರ ಹಾಕುವಂತಿಲ್ಲ. ಇಂಥ ಯಾತ್ರೆಗಳನ್ನು 1984ರಲ್ಲಿ ದೊಡ್ಡದಾಗಿ ಶುರು ಮಾಡಿದ ಬ್ರಿಟನ್ನಿನ ಆಪರೇಷನ್ ರ‍್ಯಾಲಿ, ಮುಂದೆ ರ‍್ಯಾಲಿ ಇಂಟರ್‌ನ್ಯಾಷನಲ್ ಆಗಿ ಬೆಳೆದು, 2022ರಲ್ಲಿ ಹಣಕಾಸಿನ ಸಂಕಷ್ಟದಿಂದ ಬಾಗಿಲು ಹಾಕಿತು.

ಹದಿನೈದು ಜನರ ಇಪ್ಪತ್ತೆರಡೂವರೆ ಲಕ್ಷದಲ್ಲಿ ಸಾಮಗ್ರಿಗೆಷ್ಟು, ಅಲ್ಲಿನ ಮೇಸ್ತ್ರಿಗಳಾದ 'ಫುಂಡಿ'ಗಳ ಕೂಲಿಗೆಷ್ಟು ಎಂದು ಬರೆದು ಕೊಡಲು ಹೇಳಿ. ಗೋಡೆ ಕಟ್ಟುವುದು ಫುಂಡಿಯ ಕೈಯಲ್ಲೇ ಇರಲಿ. ಮೂರು ಸಾಲಿಗೊಮ್ಮೆ ತೂಕದ ಗುಂಡು ಬಿಟ್ಟು ನೋಡದ ಹುಡುಗರ ಗೋಡೆಯನ್ನು ಸಂಜೆ ಕೆಡವಿ ಕಟ್ಟುವ ಶಿಕ್ಷೆ ಫುಂಡಿಗಳಿಗೇಕೆ? ಒಬ್ಬ ಫುಂಡಿಗೆ ಮೂರು–ನಾಲ್ಕು ಸಹಾಯಕರಿದ್ದರೆ ಸಾಕು. ಜರಡಿ ಹಿಡಿಯುವುದು, ಬ್ಲಾಕು ಒತ್ತುವುದು, ನೀರು ಚಿಮುಕಿಸುವುದು, ಸರಳು ಕಟ್ಟುವುದು ಮಗನಿಗೆ ಹೇಳಿಮಾಡಿಸಿದ ಕೆಲಸ.

ಕಳಿಸುವುದಾದರೆ, ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡಲು ಅಲ್ಲಿ ಅವಕಾಶವಿಲ್ಲ, ಪರವಾನಗಿ ಯಾರು ಮಾಡಿಸುತ್ತಾರೆಂದು ಮೊದಲು ಕೇಳಿ. ಮಲೇರಿಯಾ ಮಾತ್ರೆಗೆ ವೈದ್ಯರನ್ನು ಕಾಣಿಸಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ರಬ್ಬರ್ ಕೈಗವಸು ಎರಡು ಜೊತೆ, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಇಲ್ಲಿಂದಲೇ ಒಯ್ಯಲಿ.