ಹೊಲ ಮಾರುವ ಮೊದಲು ಎಸ್ಟಿಮೇಟ್ ಓದಿ

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಕಂಜೆನಿಟಲ್ ಸ್ಯೂಡಾರ್ಥ್ರೋಸಿಸ್, ಅಂದರೆ ಮುರಿದ ಎಲುಬು ತಾನಾಗಿ ಕೂಡದ ಹುಟ್ಟು ಕಾಯಿಲೆ. ಮೊಣಕಾಲ ಕೆಳಗಿನ ಎಲುಬು ಮುರಿದದ್ದು, ಎರಡು ಆಪರೇಷನ್ ಆದರೂ ಕೂಡಿಲ್ಲ. ಅಮೆರಿಕದ ಆಸ್ಪತ್ರೆ ಒಂದು ಕೋಟಿ ಕೇಳಿದೆ. ಭಾವ ಕಬ್ಬಿನ ಹೊಲ ಮಾರೋಣ ಅಂತಾರೆ. ಜನರ ಹತ್ತಿರ ಕೇಳೋಣ ಅಂದರೆ ಯಜಮಾನರು ಮಾನ ಹೋಗ್ತದ ಅಂತಾರೆ. ಏನು ಮಾಡಲಿ?
– ಮುಧೋಳದ ತಾಯಿ

ಉತ್ತರ: ಯಜಮಾನರ ಸಂಕೋಚ ಸಹಜ. ಆದರೆ ಊರಲ್ಲಿ ಮಾತು ಬರುವುದು ಕೇಳಿದ್ದಕ್ಕಿಂತ ಲೆಕ್ಕ ಕೊಡದ್ದಕ್ಕೇ ಹೆಚ್ಚು.

ಮೊದಲು ಆ ಒಂದು ಕೋಟಿಯಲ್ಲಿ ಏನೇನು ಸೇರಿದೆ ಎಂದು ಬರಹದಲ್ಲಿ ಕೇಳಿ. ಈ ಕಾಯಿಲೆಯಲ್ಲಿ ಎಲುಬು ಕೂಡಿದರೂ ಬೆಳವಣಿಗೆ ಮುಗಿಯುವತನಕ ಮತ್ತೆ ಮುರಿಯುವ ಭಯ ಇರುತ್ತದೆ. ಎಲುಬಿನೊಳಗೆ ಹಾಕುವ ಸರಳನ್ನು ಮಗು ಬೆಳೆದಂತೆ ಬದಲಿಸಬೇಕಾಗಬಹುದು. ಐಸಿಯು ದಿನ ಹೆಚ್ಚಾದರೆ, ಸೋಂಕಾದರೆ ಯಾರ ಖರ್ಚು? ಬ್ರೇಸ್, ಫಿಸಿಯೋಥೆರಪಿ, ಅಲ್ಲಿನ ಮನೆ ಬಾಡಿಗೆ? ಡಾಲರ್ ಏರಿಳಿತಕ್ಕೂ ಸೇರಿಸಿ ಶೇ. 20 ಹೆಚ್ಚೇ ಹಿಡಿಯಿರಿ. ಮೊಣಕಾಲ ಕೆಳಗಿನ ಎರಡು ಎಲುಬುಗಳಾದ ಟಿಬಿಯಾ, ಫಿಬುಲಾಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆ ಭಾರತದಲ್ಲೂ ನಡೆಯುತ್ತದೆ. ಮಕ್ಕಳ ಎಲುಬಿನ ತಜ್ಞರೊಬ್ಬರಿಗೆ ಎಕ್ಸ್‌ರೇಯ ಮೊಬೈಲ್ ಫೋಟೋ ಕಳಿಸಬೇಡಿ, ಸಿ.ಡಿ.ಯಲ್ಲಿರುವ ಡೈಕಾಮ್ ಫೈಲ್ (ಎಕ್ಸ್‌ರೇಯ ಮೂಲ ಡಿಜಿಟಲ್ ಪ್ರತಿ) ಕೊಟ್ಟು ಅಭಿಪ್ರಾಯ ಪಡೆಯಿರಿ. ಹಣ ಕೂಡಿಸಿದ ಮೇಲೆ ಮನಸ್ಸು ಬದಲಾದರೆ ಕೊಟ್ಟವರಿಗೆ ಉತ್ತರಿಸುವುದು ಕಷ್ಟ.

ಕೇಂದ್ರದ ಅಪರೂಪದ ಕಾಯಿಲೆ ನೀತಿಯ 50 ಲಕ್ಷದವರೆಗಿನ ನೆರವು ಭಾರತದ ಗೊತ್ತುಪಡಿಸಿದ ಕೇಂದ್ರಗಳಲ್ಲಿನ ಚಿಕಿತ್ಸೆಗಷ್ಟೇ. ಅದನ್ನು ನಂಬಿ ಕೂರಬೇಡಿ.

ಹಣ ಕೂಡಿಸಲು ಯಜಮಾನರ ಫೋನ್‌ಪೇ ನಂಬರ್ ಹಂಚಲೇಬೇಡಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಆ ಹಣ ಆದಾಯವೆಂದು ತೆರಿಗೆಗೆ ಬರುತ್ತದೆ. ವಂಚಕನೊಬ್ಬನ ಹಣ ಅದರಲ್ಲಿ ಬಂದರೂ ಸಾಕು, ಸೈಬರ್ ದೂರಿನ ಮೇಲೆ ಖಾತೆ ಸ್ಥಗಿತಗೊಳ್ಳಬಹುದು, ಅದೂ ಆಸ್ಪತ್ರೆಗೆ ಕಟ್ಟುವ ವಾರದಲ್ಲೇ. ನೇರ ಆಸ್ಪತ್ರೆಗೇ ಕಟ್ಟುವ ನೋಂದಾಯಿತ ಟ್ರಸ್ಟ್ ಅಥವಾ ದೇಣಿಗೆ ವೇದಿಕೆ ಹುಡುಕಿ. ಹೊರದೇಶದ ಬಿಲ್ಲಿಗೆ ಕಟ್ಟುತ್ತಾರೆಯೇ, ಶುಲ್ಕ ಎಷ್ಟು ಕತ್ತರಿಸುತ್ತಾರೆ ಎಂದು ಮೊದಲೇ ಕೇಳಿ.

ನೀವೇ ಕಳಿಸುವ ಪಾಲಿಗೆ ಬ್ಯಾಂಕಿನಲ್ಲಿ ಎ2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಪ್ಯಾನ್, ಆಸ್ಪತ್ರೆಯ ಎಸ್ಟಿಮೇಟ್ ಪತ್ರ ಬೇಕು. 10 ಲಕ್ಷದ ಮೇಲಿನ ಮೊತ್ತಕ್ಕೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ; ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಕಟ್ಟುವ ದಿನ ಕೈಯಲ್ಲಿರಬೇಕು.

ಹೊಲದ ವಿಷಯ: ಅವಸರಕ್ಕೆ ಮಾರಿದರೆ ದರ ಬೀಳುತ್ತದೆ. ಉತಾರ (ಪಹಣಿ) ಜಂಟಿಯಿದ್ದರೆ ಎಲ್ಲರ ಸಹಿ ಬೇಕು, ಅದರಲ್ಲಿ ದಾಖಲಾದ ಸೊಸೈಟಿ ಸಾಲದ ಬೋಜಾ (ಹೊರೆ) ತೆಗೆಸಬೇಕು. ಕೊನೆಗೆ ಕಡಿಮೆ ಬಿದ್ದಷ್ಟಕ್ಕೆ ಒಂದು ತುಂಡು ಮಾರಿ. ಮುಂದಿನ ಆಪರೇಷನ್‌ಗಳಿಗೆ ಉಳಿದದ್ದು ಬೇಕಾಗುತ್ತದೆ.

ಮನವಿಯಲ್ಲಿ ಮಗಳ ಮುಖ, ಆಧಾರ್ ಸಂಖ್ಯೆ ಬೇಡ, ಕಾಲಿನ ಎಕ್ಸ್‌ರೇ ಸಾಕು. ಮಿಕ್ಕ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅದರಲ್ಲೇ ಬರೆಯಿರಿ.